ದಪ್ಪ ವಾಹಕಗಳಿಗೆ ಪುಲ್ ಬಾಕ್ಸ್ ಮತ್ತು ವೈರ್‌ವೇ ಅಳತೆ: 24×20 ಇಂಚು ಸಾಕಾಗುವುದೇ?

ನಕ್ಷೆಗಾರ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಎನ್‌ಇಸಿ (ರಾಷ್ಟ್ರೀಯ ವಿದ್ಯುತ್ ಸಂಹಿತೆ) ನಿಯಮಾವಳಿಗೆ ಅನುಗುಣವಾಗಿ ಸಿದ್ಧವಾಗಬೇಕಾದ ಒಂದು ವಿತರಣಾ ಕೊಠಡಿಯ ನಕ್ಷೆಯಲ್ಲಿ ಪುಲ್ ಬಾಕ್ಸ್‌ನ, ಅಂದರೆ ತಂತಿಗಳನ್ನು ಎಳೆದು ಮುಂದಕ್ಕೆ ಸಾಗಿಸಲು ನಡುವೆ ಇಡುವ ಪೆಟ್ಟಿಗೆಯ, ಅಳತೆಯನ್ನು ನಿಗದಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಾಕ್ಸ್‌ನ ಎಡಗೋಡೆಗೆ ಒಂದೇ ಸಾಲಿನಲ್ಲಿ ಮೂರು ಇಎಂಟಿ ಕಾಂಡ್ಯೂಟ್‌ಗಳು (ತಂತಿಗಳನ್ನು ಒಯ್ಯುವ ತೆಳುಗೋಡೆಯ ಲೋಹದ ಕೊಳವೆಗಳು) ಬರುತ್ತವೆ. ಅವುಗಳಲ್ಲಿ ಎರಡು 3 ಇಂಚಿನವು, ಒಂದು 2 ಇಂಚಿನದು. 3 ಇಂಚಿನ ಒಂದು ಕಾಂಡ್ಯೂಟ್‌ನ ತಂತಿಗಳು ಬಲಗೋಡೆಯಲ್ಲಿರುವ ಇನ್ನೊಂದು 3 ಇಂಚಿನ ಕಾಂಡ್ಯೂಟ್‌ಗೆ ನೇರವಾಗಿ ಹೋಗುತ್ತವೆ. ಉಳಿದ 3 ಇಂಚು ಮತ್ತು 2 ಇಂಚಿನ ಕಾಂಡ್ಯೂಟ್‌ಗಳ ತಂತಿಗಳು ತಿರುಗಿ, ಕೆಳಗೋಡೆಯಲ್ಲಿರುವ ಅದೇ ಗಾತ್ರದ ಕಾಂಡ್ಯೂಟ್‌ಗಳಿಗೆ ಇಳಿಯುತ್ತವೆ. 3 ಇಂಚಿನ ಪ್ರತಿಯೊಂದರಲ್ಲೂ ನಾಲ್ಕು 500 ಕೆಸಿಮಿಲ್ (ದಪ್ಪ ತಂತಿಯ ಅಡ್ಡಕೊಯ್ತದ ಅಳತೆ) ತಾಮ್ರದ ತಂತಿಗಳೂ ಒಂದು ಅರ್ತಿಂಗ್ ತಂತಿಯೂ ಇವೆ. 2 ಇಂಚಿನದರಲ್ಲಿ ನಾಲ್ಕು 3/0 ಗಾತ್ರದ ತಂತಿಗಳಿವೆ. ನಡುವೆ ಎಲ್ಲಿಯೂ ಜೋಡಣೆ ಇಲ್ಲ.

ನನ್ನ ಲೆಕ್ಕಕ್ಕೆ ಬಾಕ್ಸ್‌ನ ಅಗಲ 24 ಇಂಚು, ಎತ್ತರ 20 ಇಂಚು ಬಂದಿದೆ. ಆಳವನ್ನು 6 ಇಂಚು ಎಂದು ಇಟ್ಟುಕೊಂಡಿದ್ದೇನೆ. ನನಗೆ ಎರಡು ಸಂದೇಹಗಳಿವೆ. ಸಣ್ಣ ಬಾಕ್ಸ್‌ಗಳಿಗೆ ಮಾಡುವಂತೆ ಇಲ್ಲಿಯೂ ಘನ ಇಂಚುಗಳ ಲೆಕ್ಕ ಮಾಡಬೇಕೇ? ಎಡಗೋಡೆಯ ತಿರುವಿನ ಲೆಕ್ಕದಲ್ಲಿ ನೇರವಾಗಿ ಹೋಗುವ ಕಾಂಡ್ಯೂಟ್‌ನ ಗಾತ್ರವನ್ನೂ ಸೇರಿಸಬೇಕೇ, ಅಥವಾ ತಿರುಗುವವುಗಳನ್ನು ಮಾತ್ರ ಪರಿಗಣಿಸಿದರೆ ಸಾಕೇ?

ಹಳೆಯ ವೈರ್‌ಮನ್

ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಎರಡನೆಯದನ್ನು ಪರಿಶೀಲನೆಯ ಅನುಭವವಿರುವವರಿಗೆ ಬಿಡುತ್ತೇನೆ. ಘನ ಇಂಚುಗಳ ಲೆಕ್ಕ, ಅಂದರೆ 314.16ನೇ ವಿಧಿ, 6 ಎಡಬ್ಲ್ಯೂಜಿ ಮತ್ತು ಅದಕ್ಕಿಂತ ಸಣ್ಣ ತಂತಿಗಳಿಗೆ ಸಂಬಂಧಿಸಿದ್ದು. ಎಡಬ್ಲ್ಯೂಜಿ ಎಂದರೆ ಅಮೆರಿಕದ ತಂತಿ ಗಾತ್ರದ ಕ್ರಮಾಂಕ; ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. 4 ಎಡಬ್ಲ್ಯೂಜಿ ಮತ್ತು ಅದಕ್ಕಿಂತ ದೊಡ್ಡ ವಾಹಕಗಳು ಕಾಂಡ್ಯೂಟ್ ಮೂಲಕ ಬಂದರೆ 314.28ನೇ ವಿಧಿ ಅನ್ವಯವಾಗುತ್ತದೆ. ಅಲ್ಲಿ ಘನ ಅಳತೆಯ ಮಾತೇ ಇಲ್ಲ, ದೂರದ ಮಾತು ಮಾತ್ರ ಇದೆ. ಈ ವ್ಯತ್ಯಾಸ ಏಕೆ ಬಂತೆಂಬುದನ್ನು ಹೊಸಬರು ತಿಳಿದುಕೊಂಡರೆ ಮುಂದಿನ ಅಂಕಿಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಸಣ್ಣ ತಂತಿಯನ್ನು ಬೆರಳಿನಿಂದ ಮಡಚಿ ಬಾಕ್ಸ್‌ನ ಮೂಲೆಗೆ ಒತ್ತಬಹುದು. ಅಲ್ಲಿನ ಚಿಂತೆ ಶಾಖದ್ದು ಮತ್ತು ಇಕ್ಕಟ್ಟಿನದು. 500 ಕೆಸಿಮಿಲ್ ತಂತಿಯಾದರೋ ಹೊದಿಕೆ ಸೇರಿ ಹೆಚ್ಚುಕಡಿಮೆ ಒಂದು ಇಂಚು ದಪ್ಪವಿರುತ್ತದೆ, ಅದರಲ್ಲಿನ ತಾಮ್ರವೇ ಅಡಿಗೆ ಸುಮಾರು ಒಂದೂವರೆ ಪೌಂಡ್ ತೂಗುತ್ತದೆ, ಮತ್ತು ಬಗ್ಗಿಸಿದರೆ ಮತ್ತೆ ನೇರವಾಗಲು ಸೆಣಸುತ್ತದೆ. ನೇರವಾದ ಎಳೆತದಲ್ಲಿ ಕೆಲಸಗಾರ ಏನು ಮಾಡುತ್ತಾನೆಂಬುದನ್ನು ಗಮನಿಸಿ. ಮೊದಲ ಕಾಂಡ್ಯೂಟ್‌ನಿಂದ ತಂತಿಯನ್ನು ಬಾಕ್ಸ್‌ನ ಬಾಯಿಯ ಹೊರಕ್ಕೆ ಎಳೆದುಕೊಂಡು, ಅದರ ತುದಿಯನ್ನು ಎರಡನೆಯ ಕಾಂಡ್ಯೂಟ್‌ಗೆ ತೂರಿಸುತ್ತಾನೆ. ಎಳೆತ ಮುಗಿಯುತ್ತ ಬಂದಂತೆ ಹೊರಗೆ ಬಿಲ್ಲಿನಂತೆ ಬಾಗಿ ನಿಂತ ಕೊನೆಯ ಕುಣಿಕೆಯನ್ನು ಒಳಗೆ ಸೇರಿಸಬೇಕು. ಬಾಕ್ಸ್ ಗಿಡ್ಡವಾಗಿದ್ದರೆ ಆ ಕುಣಿಕೆ ಒಳಗೆ ಹೋಗುವಾಗ ಎರಡೂ ಕಾಂಡ್ಯೂಟ್‌ಗಳ ಬಾಯಿಯಲ್ಲಿ ತಂತಿ ಚೂಪಾಗಿ ಮಡಚಿಕೊಳ್ಳುತ್ತದೆ. ಮಡಿಕೆಯ ಹೊರಮೈಯಲ್ಲಿ ಹೊದಿಕೆ ಹಿಗ್ಗುತ್ತದೆ, ಒಳಮೈಯಲ್ಲಿ ಕಾಂಡ್ಯೂಟ್‌ನ ಅಂಚು ಅದನ್ನು ಒತ್ತುತ್ತದೆ. ಈ ಗಾಯ ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದಲೇ ನೇರ ಎಳೆತಕ್ಕೆ ದೊಡ್ಡ ಕಾಂಡ್ಯೂಟ್‌ನ ಟ್ರೇಡ್ ಸೈಜ್‌ನ (ಮಾರುಕಟ್ಟೆಯಲ್ಲಿ ಕರೆಯುವ ಗಾತ್ರದ) 8 ಪಟ್ಟು ಉದ್ದ ಕೇಳುತ್ತಾರೆ. ತಿರುವಿನಲ್ಲಿ ತಂತಿಗೆ ಕರ್ಣದ ಜಾಗ ಸಿಗುವುದರಿಂದ ಅಲ್ಲಿ 6 ಪಟ್ಟಿನಿಂದ ಲೆಕ್ಕ ಆರಂಭವಾಗುತ್ತದೆ.

ಪರಿಶೀಲಕ

ಎರಡನೆಯ ಸಂದೇಹಕ್ಕೆ ಬರುತ್ತೇನೆ. ತಿರುವು, ಯು ಆಕಾರದ ಎಳೆತ ಮತ್ತು ಜೋಡಣೆಗಳಿಗೆ ಸಂಬಂಧಿಸಿದ 314.28(ಎ)(2)ರ ಒಕ್ಕಣೆಯಂತೆ, ಒಂದು ಗೋಡೆಯಿಂದ ಎದುರಿನ ಗೋಡೆಗೆ ಇರಬೇಕಾದ ದೂರವು ಆ ಸಾಲಿನ ಅತಿ ದೊಡ್ಡ ಕಾಂಡ್ಯೂಟ್‌ನ 6 ಪಟ್ಟಿಗೆ, ಅದೇ ಗೋಡೆಯ ಅದೇ ಸಾಲಿನಲ್ಲಿರುವ ಉಳಿದ ಎಲ್ಲ ಕಾಂಡ್ಯೂಟ್‌ಗಳ ಟ್ರೇಡ್ ಸೈಜ್‌ಗಳನ್ನು ಕೂಡಿಸಿದಷ್ಟಿರಬೇಕು. 'ಉಳಿದ ಎಲ್ಲ' ಎಂದ ಮೇಲೆ ನೇರವಾಗಿ ಹೋಗುವುದು ಬೇರೆ, ತಿರುಗುವುದು ಬೇರೆ ಎಂಬ ವಿಂಗಡಣೆಗೆ ಅವಕಾಶವಿಲ್ಲ. ಅದನ್ನು ಸೇರಿಸಿಯೇ ಲೆಕ್ಕ ಹಾಕಿ.

ಎಡಗೋಡೆಯಿಂದ ಬಲಗೋಡೆಗೆ ತಿರುವಿನ ಲೆಕ್ಕ: 3ರ 6 ಪಟ್ಟು 18, ಅದಕ್ಕೆ 3 ಮತ್ತು 2 ಸೇರಿ 23 ಇಂಚು. ಅದೇ ದಿಕ್ಕಿನಲ್ಲಿ ನೇರ ಎಳೆತ 3ರ 8 ಪಟ್ಟು, ಅಂದರೆ 24 ಇಂಚು ಕೇಳುತ್ತದೆ. ಎರಡರಲ್ಲಿ ದೊಡ್ಡದು ನಿಲ್ಲುವುದರಿಂದ ಅಗಲ 24 ಇಂಚು. ಕೆಳಗೋಡೆಯಿಂದ ಮೇಲ್ಗೋಡೆಗೆ 18ಕ್ಕೆ 2 ಸೇರಿ 20 ಇಂಚು. ಇಲ್ಲಿಯವರೆಗೆ ತಮ್ಮ ಲೆಕ್ಕ ಸರಿಯಾಗಿದೆ. ಲೆಕ್ಕದಲ್ಲಿ ಬಳಸಬೇಕಾದದ್ದು ಟ್ರೇಡ್ ಸೈಜ್ ಮಾತ್ರ, ಕೊಳವೆಯ ನಿಜವಾದ ವ್ಯಾಸವಲ್ಲ. 3 ಇಂಚಿನ ಇಎಂಟಿಯ ಹೊರವ್ಯಾಸ 3.5 ಇಂಚು ಇರುತ್ತದೆ. ಅದನ್ನು ಗುಣಿಸಲು ಹೋಗಬಾರದು.

ಆದರೆ ಅದೇ ವಿಧಿಯಲ್ಲಿ ಇನ್ನೊಂದು ವಾಕ್ಯವಿದೆ. ನನ್ನ ಮೇಜಿನ ಮೇಲೆ ಬರುವ ನಕ್ಷೆಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವುದು ಅದೇ. ಒಂದೇ ವಾಹಕ ಒಳಬರುವ ಮತ್ತು ಹೊರಹೋಗುವ ಎರಡು ರಂಧ್ರಗಳ ನಡುವೆ, ದೊಡ್ಡ ಕಾಂಡ್ಯೂಟ್‌ನ 6 ಪಟ್ಟಿಗಿಂತ ಕಡಿಮೆ ದೂರ ಇರಬಾರದು. ತಮ್ಮ ಬಾಕ್ಸ್‌ನಲ್ಲಿ ತಿರುಗುವ 3 ಇಂಚಿನ ಜೋಡಿಯ ನಡುವೆ 18 ಇಂಚು, 2 ಇಂಚಿನ ಜೋಡಿಯ ನಡುವೆ 12 ಇಂಚು ಇರಲೇಬೇಕು. ಗೋಡೆಯಿಂದ ಗೋಡೆಗೆ ಎಷ್ಟೇ ಜಾಗವಿದ್ದರೂ, ರಂಧ್ರಗಳನ್ನು ಒಂದೇ ಮೂಲೆಗೆ ತಂದು ಕೂಡಿಸಿದರೆ ಬಾಕ್ಸ್ ನಿಯಮವನ್ನು ಉಲ್ಲಂಘಿಸುತ್ತದೆ. ರಂಧ್ರಗಳ ಸ್ಥಾನವನ್ನು ತಾವು ಬರೆದಿಲ್ಲ; ದಯವಿಟ್ಟು ತಿಳಿಸಿ.

ನಕ್ಷೆಗಾರ

ಧನ್ಯವಾದಗಳು ಸರ್. ಅಳತೆಗಳನ್ನು ಕೆಳಗಿನ ಎಡ ಮೂಲೆಯಿಂದ ಕೊಡುತ್ತೇನೆ. ಎಡಗೋಡೆಯಲ್ಲಿ 2 ಇಂಚಿನದರ ಮಧ್ಯಬಿಂದು 3 ಇಂಚು ಎತ್ತರದಲ್ಲಿ, ತಿರುಗುವ 3 ಇಂಚಿನದು ಏಳೂವರೆ ಇಂಚಿನಲ್ಲಿ, ನೇರ ಹೋಗುವುದು ಹನ್ನೆರಡೂವರೆ ಇಂಚಿನಲ್ಲಿ ಇದೆ. ಕೆಳಗೋಡೆಯಲ್ಲಿ 2 ಇಂಚಿನದು ಮೂಲೆಯಿಂದ 5 ಇಂಚಿಗೆ, 3 ಇಂಚಿನದು 10 ಇಂಚಿಗೆ ಇದೆ. ಕೆಳಗಿನ ಪ್ಯಾನಲ್ ಎಡಭಾಗದಲ್ಲಿರುವುದರಿಂದ ಕೊಳವೆಯನ್ನು ಬಗ್ಗಿಸುವ ಕೆಲಸ ಕಡಿಮೆಯಾಗಲೆಂದು ಹೀಗೆ ಇಟ್ಟಿದ್ದೆ.

ಪರಿಶೀಲಕ

ಹಾಗಾದರೆ ಈ ಸ್ಥಾನಗಳು ನಡೆಯುವುದಿಲ್ಲ. 3 ಇಂಚಿನ ಜೋಡಿಯನ್ನು ನೋಡಿ. ಕೊಳವೆಯ ಅರ್ಧ ವ್ಯಾಸ 1.75 ಇಂಚನ್ನು ಕಳೆದರೆ, ಮೂಲೆಗೆ ಹತ್ತಿರದ ಅಂಚು ಎಡಗೋಡೆಯಲ್ಲಿ 5.75 ಇಂಚಿನಲ್ಲಿಯೂ ಕೆಳಗೋಡೆಯಲ್ಲಿ 8.25 ಇಂಚಿನಲ್ಲಿಯೂ ಬೀಳುತ್ತದೆ. ಆ ಎರಡು ಅಂಚುಗಳ ನಡುವಿನ ಕರ್ಣ ಸುಮಾರು 10 ಇಂಚು. ಬೇಕಾದದ್ದು 18. ಮಧ್ಯಬಿಂದುವಿನಿಂದ ಅಳೆದರೂ ಹನ್ನೆರಡೂವರೆ ಇಂಚನ್ನು ದಾಟುವುದಿಲ್ಲ. ಅಂಚಿನಿಂದ ಅಂಚಿಗೆ ಅಳೆಯುವುದೇ ಸುರಕ್ಷಿತ ಪದ್ಧತಿ, ಏಕೆಂದರೆ ತಂತಿ ಬಾಗುವುದು ಒಳ ಅಂಚನ್ನು ಒರಗಿಕೊಂಡೇ.

ಬಾಕ್ಸ್‌ನ ಅಳತೆಯನ್ನು ಬದಲಿಸದೆಯೂ ಇದನ್ನು ಸರಿಪಡಿಸಬಹುದು. ಎಡಗೋಡೆಯ ರಂಧ್ರಗಳು ಇದ್ದಲ್ಲಿಯೇ ಇರಲಿ. ಕೆಳಗೋಡೆಯ 3 ಇಂಚಿನದನ್ನು ಬಲಕ್ಕೆ ಸರಿಸಿ, ಮಧ್ಯಬಿಂದು 20.75 ಇಂಚಿಗೆ ಬರುವಂತೆ ಮಾಡಿದರೆ ಹತ್ತಿರದ ಅಂಚು 19 ಇಂಚಿನಲ್ಲಿ ನಿಲ್ಲುತ್ತದೆ. ಅಡ್ಡ ದೂರವೊಂದೇ 18 ಇಂಚನ್ನು ಮೀರುವುದರಿಂದ ಎಡಗೋಡೆಯಲ್ಲಿ ಅದರ ಜೊತೆಗಾರ ಯಾವ ಎತ್ತರದಲ್ಲಿದ್ದರೂ ತೊಂದರೆಯಿಲ್ಲ. 2 ಇಂಚಿನದರ ಮಧ್ಯಬಿಂದು 15 ಇಂಚಿನಲ್ಲಿದ್ದರೆ ಹತ್ತಿರದ ಅಂಚು 14 ಇಂಚಿನ ಆಸುಪಾಸಿಗೆ ಬರುತ್ತದೆ. ಅಲ್ಲಿಯೂ 12 ಇಂಚಿನ ನಿಯಮ ಪಾಲನೆಯಾಗುತ್ತದೆ. ಒಳತಿರುವು 2 ಇಂಚಿನದ್ದು, ಹೊರತಿರುವು 3 ಇಂಚಿನದ್ದು, ಅವುಗಳ ಮೇಲೆ ನೇರ ಹೋಗುವ ತಂತಿಗಳು ಎಂಬ ಕ್ರಮವೂ ಉಳಿಯುತ್ತದೆ. ಹೀಗಾಗಿ ತಂತಿಗಳು ಒಂದರ ಮೇಲೊಂದು ಹಾಯುವುದಿಲ್ಲ.

ನಕ್ಷೆಯಲ್ಲಿ ಬಾಕ್ಸ್‌ನ ಹೊರ ಅಳತೆಯನ್ನು ಮಾತ್ರ ಬರೆದು, ರಂಧ್ರಗಳ ಸ್ಥಾನವನ್ನು ಸ್ಥಳದಲ್ಲಿರುವವರ ವಿವೇಚನೆಗೆ ಬಿಡುವುದು ಅಪಾಯಕಾರಿ ಎಂದು ನಾನು ದೃಢವಾಗಿ ನಂಬುತ್ತೇನೆ. ರಂಧ್ರ ಕೊರೆಯುವವನ ಕೈಯಲ್ಲಿ ಪ್ರತಿ ರಂಧ್ರದ ಮಧ್ಯಬಿಂದುವಿನ ಅಳತೆ ಇರಬೇಕು.

ಸೈಟ್ ಮೇಲ್ವಿಚಾರಕ

ಪರಿಶೀಲಕರ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ 24×20 ಬದಲು 24×24 ತೆಗೆದುಕೊಳ್ಳುವುದು ಒಳ್ಳೆಯದೆಂದು ನನ್ನ ಸಲಹೆ. ನಿಯಮಾವಳಿ ಹೇಳುವುದು ಕನಿಷ್ಠ ಅಳತೆಯನ್ನು. ಎತ್ತರ 20 ಇಂಚು ಎಂದು ಬಂದಿರುವುದು ಕೆಳಗೋಡೆಯ ಲೆಕ್ಕದಿಂದ. ಎಡಗೋಡೆಯಲ್ಲಿ ಕೊಳವೆಗಳನ್ನು ಹಿಡಿದಿಡುವ ಮೂರು ಲಾಕ್‌ನಟ್‌ಗಳನ್ನು ಬಿಗಿಯಲು ಉಪಕರಣ ಆಡಿಸುವಷ್ಟು ಜಾಗ ಬೇಕೆಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಲಾಕ್‌ನಟ್ ಮತ್ತು ಬುಶಿಂಗ್ (ಕೊಳವೆಯ ಬಾಯಿಗೆ ಹಾಕುವ ನುಣುಪು ಬಳೆ) ಕೊಳವೆಗಿಂತ ಅಗಲವಾಗಿರುತ್ತವೆ. ಅಕ್ಕಪಕ್ಕದ ಲಾಕ್‌ನಟ್‌ಗಳು ತಾಗಿಕೊಂಡರೆ ಯಾವುದೂ ಸರಿಯಾಗಿ ಬಿಗಿಯಾಗುವುದಿಲ್ಲ. ಬಿಗಿಯಾಗದ ಲಾಕ್‌ನಟ್ ಎಂದರೆ ಅರ್ತಿಂಗ್ ಹಾದಿಯೇ ಸಡಿಲವಾದಂತೆ. ತಗಡಿನಲ್ಲಿ ನಾಲ್ಕು ಇಂಚು ಉಳಿಸಿ ಎಳೆತದ ದಿನ ಇಡೀ ತಂಡವನ್ನು ಒದ್ದಾಡಿಸುವುದು ನ್ಯಾಯವಲ್ಲ.

ಆಳದ ವಿಚಾರವನ್ನೂ ಹೇಳಬೇಕು. ಕಾಂಡ್ಯೂಟ್‌ಗಳು ಪಕ್ಕದ ಗೋಡೆಗಳಿಗೆ ಬಂದಾಗ ಆಳಕ್ಕೆ ಬೇರೆ ಗುಣಕವಿಲ್ಲ. ಒಂದೇ ಸಾಲಿನ 3 ಇಂಚಿನ ಕಾಂಡ್ಯೂಟ್‌ಗೆ ಲಾಕ್‌ನಟ್ ಹಿಡಿಸುವಷ್ಟಿದ್ದರೆ 6 ಇಂಚು ಸಾಲುತ್ತದೆ. ಮುಂದೆ ಯಾರಾದರೂ ಒಂದು ಕಾಂಡ್ಯೂಟನ್ನು ಹಿಂಗೋಡೆಯಿಂದ, ಅಂದರೆ ತೆಗೆಯಬಹುದಾದ ಮುಚ್ಚಳದ ಎದುರಿನ ಗೋಡೆಯಿಂದ ತಂದರೆ ಮಾತ್ರ ಕೋಷ್ಟಕ 312.6(ಎ) ನೋಡಬೇಕಾಗುತ್ತದೆ. ಒಂದು ಟರ್ಮಿನಲ್‌ಗೆ ಒಂದು ತಂತಿ ಎಂಬ ಅಂಕಣದಲ್ಲಿ 500 ಕೆಸಿಮಿಲ್‌ಗೆ 6 ಇಂಚು ಎಂದಿದೆ. ಆಗ ತಮ್ಮ 6 ಇಂಚಿನ ಆಳ ಅಂಚಿಗೆ ಬಂದು ನಿಲ್ಲುತ್ತದೆ. 8 ಇಂಚು ಇಟ್ಟುಕೊಂಡರೆ ನೆಮ್ಮದಿ.

ವಿನ್ಯಾಸ ಕಲಿಯುತ್ತಿರುವವಳು

ನಡುವೆ ಪ್ರಶ್ನೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಸಾಲುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕೆಂದು ಓದಿದ್ದೇನೆ. ಹಾಗಾದರೆ ಒಂದೇ ಗೋಡೆಗೆ ಬರುವ ಕಾಂಡ್ಯೂಟ್‌ಗಳನ್ನು ಎರಡು ಸಾಲು ಮಾಡಿದರೆ ಬಾಕ್ಸ್ ಚಿಕ್ಕದಾಗುವುದೇ?

ಪರಿಶೀಲಕ

ಆಗುತ್ತದಮ್ಮ, ಒಂದು ದಿಕ್ಕಿನಲ್ಲಿ. 3 ಇಂಚಿನ ನಾಲ್ಕು ಕಾಂಡ್ಯೂಟ್‌ಗಳು ಒಂದೇ ಸಾಲಿನಲ್ಲಿ ಬಂದು ತಿರುಗಿದರೆ 18ಕ್ಕೆ 9 ಸೇರಿ 27 ಇಂಚು ಬೇಕು. ಎರಡೆರಡರ ಎರಡು ಸಾಲು ಮಾಡಿದರೆ ಪ್ರತಿ ಸಾಲಿಗೆ 18ಕ್ಕೆ 3 ಸೇರಿ 21 ಇಂಚು. ಎರಡು ಸಾಲುಗಳ ಉತ್ತರಗಳನ್ನು ಕೂಡಿಸಬಾರದು. ದೊಡ್ಡದನ್ನು ಮಾತ್ರ ತೆಗೆದುಕೊಳ್ಳಬೇಕು. ಆದರೆ ಆಳ ಹೆಚ್ಚುತ್ತದೆ, ಹಿಂದಿನ ಸಾಲಿನ ತಂತಿಗಳನ್ನು ಮೊದಲು ಎಳೆದು ಮುಗಿಸಿ ಆಮೇಲೆ ಮುಂದಿನ ಸಾಲಿಗೆ ಬರಬೇಕಾಗುತ್ತದೆ, ಮತ್ತು ಮುಂದೊಂದು ದಿನ ಹಿಂದಿನ ಸಾಲಿನ ಒಂದೇ ತಂತಿಯನ್ನು ಬದಲಿಸುವುದು ಕಷ್ಟವಾಗುತ್ತದೆ.

ನಕ್ಷೆಗಾರ

24×24×8 ಎಂದು ಬದಲಿಸಿ, ರಂಧ್ರಗಳ ಅಳತೆಗಳನ್ನೂ ನಕ್ಷೆಯಲ್ಲಿ ಸೇರಿಸುತ್ತೇನೆ. ಇದೇ ಕೊಠಡಿಯಲ್ಲಿ ಇನ್ನೊಂದು ಭಾಗವಿದೆ. ಮೇಲಿನಿಂದ 3 ಇಂಚಿನ ಮೂರು ಕಾಂಡ್ಯೂಟ್‌ಗಳು, ಪ್ರತಿಯೊಂದರಲ್ಲೂ ನಾಲ್ಕು 500 ಕೆಸಿಮಿಲ್ ಮತ್ತು ಒಂದು 3 ಎಡಬ್ಲ್ಯೂಜಿ ಅರ್ತಿಂಗ್ ತಂತಿಯೊಂದಿಗೆ, ಒಂದು ಉಕ್ಕಿನ ವೈರ್‌ವೇಗೆ, ಅಂದರೆ ಮುಚ್ಚಳವಿರುವ ಉದ್ದನೆಯ ತಂತಿ ತೊಟ್ಟಿಗೆ, ಇಳಿಯುತ್ತವೆ. ಅಲ್ಲಿಂದ ಕೆಳಗಿನ ಮೂರು ಸ್ವಿಚ್‌ಗಳಿಗೆ 3 ಇಂಚಿನ ಕಾಂಡ್ಯೂಟ್‌ಗಳಲ್ಲಿಯೇ ಹೋಗುತ್ತವೆ. 6×6 ಇಂಚಿನ ವೈರ್‌ವೇ ಸಾಕೆಂದು ಮೊದಲ ನಕ್ಷೆಯಲ್ಲಿ ಬರೆಯಲಾಗಿದೆ.

ಪ್ಯಾನಲ್ ತಯಾರಕ

ವೈರ್‌ವೇಗೆ ಮೂರು ಪರೀಕ್ಷೆಗಳಿವೆ. ಮೂರನ್ನೂ ಬೇರೆ ಬೇರೆಯಾಗಿ ದಾಟಬೇಕು; ಒಂದರಲ್ಲಿ ಧಾರಾಳವಾಗಿ ತೇರ್ಗಡೆಯಾದ ಮಾತ್ರಕ್ಕೆ ಇನ್ನೊಂದಕ್ಕೆ ರಿಯಾಯಿತಿ ಸಿಗುವುದಿಲ್ಲ.

ಮೊದಲನೆಯದು ಭರ್ತಿ. 376.22(ಎ) ಪ್ರಕಾರ ಯಾವುದೇ ಅಡ್ಡಕೊಯ್ತದಲ್ಲಿ ತಂತಿಗಳ ಒಟ್ಟು ವಿಸ್ತೀರ್ಣ ವೈರ್‌ವೇಯ ಒಳವಿಸ್ತೀರ್ಣದ ಶೇಕಡ 20ನ್ನು ಮೀರಬಾರದು. ಕಾಂಡ್ಯೂಟ್‌ನಲ್ಲಿ ಎರಡಕ್ಕಿಂತ ಹೆಚ್ಚು ತಂತಿಗಳಿಗೆ ಶೇಕಡ 40 ಸಿಗುವುದರಿಂದ, ಆ ಅಭ್ಯಾಸದಲ್ಲಿ ಇಲ್ಲಿಗೆ ಬಂದವರು ಎಡವುತ್ತಾರೆ. ಟಿಎಚ್‌ಎಚ್‌ಎನ್ ಹೊದಿಕೆಯ 500 ಕೆಸಿಮಿಲ್ ತಂತಿಯ ವಿಸ್ತೀರ್ಣ 0.7073 ಚದರ ಇಂಚು. ಹನ್ನೆರಡಕ್ಕೆ 8.488. ಮೂರು ಅರ್ತಿಂಗ್ ತಂತಿಗಳು ತಲಾ 0.0973ರಂತೆ ಸೇರಿದರೆ ಒಟ್ಟು 8.78 ಚದರ ಇಂಚು. 6×6ರ ಶೇಕಡ 20 ಎಂದರೆ 7.2 ಮಾತ್ರ, ಆದುದರಿಂದ ಅದು ಸಾಲದು. 8×8ರಲ್ಲಿ 12.8 ಸಿಗುತ್ತದೆ.

ಎರಡನೆಯದು ಬಾಗುವ ಜಾಗ. ವೈರ್‌ವೇಯ ದಿಕ್ಕು 30 ಡಿಗ್ರಿಗಿಂತ ಹೆಚ್ಚು ತಿರುಗುವಲ್ಲಿ ಮತ್ತು ಕಾಂಡ್ಯೂಟ್‌ಗಳು ಒಳಬರುವ, ಹೊರಹೋಗುವ ಕಡೆಗಳಲ್ಲಿ, 376.23(ಎ) ಮತ್ತೆ ಅದೇ ಕೋಷ್ಟಕ 312.6(ಎ)ಕ್ಕೆ ಕಳಿಸುತ್ತದೆ. 500 ಕೆಸಿಮಿಲ್‌ಗೆ 6 ಇಂಚು. 8×8 ಇಲ್ಲಿಯೂ ಸಾಕು.

ಮೂರನೆಯದೇ ಮುಖ್ಯವಾದದ್ದು. 4 ಎಡಬ್ಲ್ಯೂಜಿ ಅಥವಾ ದೊಡ್ಡ ತಂತಿಗಳನ್ನು ವೈರ್‌ವೇ ಮೂಲಕ ಎಳೆದರೆ ಅದೂ ಪುಲ್ ಬಾಕ್ಸ್‌ನಂತೆಯೇ ಕೆಲಸ ಮಾಡುತ್ತದೆ. ಆದುದರಿಂದ ಒಂದೇ ತಂತಿಯ ಎರಡು ರಂಧ್ರಗಳ ನಡುವೆ ನೇರ ಎಳೆತವಾದರೆ 8 ಪಟ್ಟು, ತಿರುವಾದರೆ 6 ಪಟ್ಟು ದೂರವಿರಬೇಕೆಂದು 376.23(ಬಿ) ಹೇಳುತ್ತದೆ. ಇಲ್ಲಿ ಅನ್ವಯವಾಗುವುದು ರಂಧ್ರಗಳ ನಡುವಿನ ದೂರ ಮಾತ್ರ. ಎದುರು ಗೋಡೆಗೆ ಪುಲ್ ಬಾಕ್ಸ್‌ನಲ್ಲಿ ಕೇಳುವ 6 ಪಟ್ಟನ್ನು ವೈರ್‌ವೇಗೆ ಕೇಳಿಲ್ಲ. ಕೇಳಿದ್ದರೆ 8 ಇಂಚಿನ ವೈರ್‌ವೇಗೆ 3 ಇಂಚಿನ ಕಾಂಡ್ಯೂಟನ್ನು ತರಲು ಸಾಧ್ಯವೇ ಇರುತ್ತಿರಲಿಲ್ಲ.

ಸೈಟ್ ಮೇಲ್ವಿಚಾರಕ

ಇಲ್ಲಿ ನಕ್ಷೆಗಾರರು ಎಚ್ಚರ ವಹಿಸಬೇಕು. ಮೇಲಿನ ಕಾಂಡ್ಯೂಟ್‌ನ ನೇರ ಕೆಳಗೇ ಹೊರಹೋಗುವ ಕಾಂಡ್ಯೂಟನ್ನು ಇಡುವುದು ಅಂದವಾಗಿ ಕಾಣುತ್ತದೆ, ನಕ್ಷೆಯಲ್ಲಿ ಗೆರೆ ನೆಟ್ಟಗೆ ಬರುತ್ತದೆ. ಆದರೆ ಅದು ನೇರ ಎಳೆತವಾಗುತ್ತದೆ. 3 ಇಂಚಿಗೆ 24 ಇಂಚು ಬೇಕು, 8 ಇಂಚಿನ ವೈರ್‌ವೇಯಲ್ಲಿ ಸಿಗುವುದು 8 ಇಂಚು. ಹೊರಹೋಗುವ ರಂಧ್ರವನ್ನು ಉದ್ದಕ್ಕೆ ಪಕ್ಕಕ್ಕೆ ಸರಿಸಿ, ಅಂಚಿನಿಂದ ಅಂಚಿಗೆ ಕನಿಷ್ಠ 18 ಇಂಚು ಬಿಡಿ. ಮೂರೂ ಜೋಡಿಗಳಿಗೆ ಇದನ್ನು ಪಾಲಿಸಿದರೆ ವೈರ್‌ವೇಯ ಉದ್ದ ತಾನಾಗಿಯೇ ನಿರ್ಧಾರವಾಗುತ್ತದೆ.

ವಿನ್ಯಾಸ ಕಲಿಯುತ್ತಿರುವವಳು

ನಿಯಮ 'ಯಾವುದೇ ಅಡ್ಡಕೊಯ್ತದಲ್ಲಿ' ಎಂದು ಹೇಳುವುದಾದರೆ, ಮೂರು ಗುಂಪುಗಳೂ ಒಂದೇ ಜಾಗದಲ್ಲಿ ಒಟ್ಟಾಗದಂತೆ ರಂಧ್ರಗಳನ್ನು ಜೋಡಿಸಿದರೆ 6×6 ಸಾಕಾಗಬಹುದಲ್ಲವೇ?

ಪ್ಯಾನಲ್ ತಯಾರಕ

ಲೆಕ್ಕಕ್ಕೆ ಸಾಕಾಗುತ್ತದೆ, ತಾವು ಸರಿಯಾಗಿ ಗಮನಿಸಿದ್ದೀರಿ. ಎರಡು ಗುಂಪುಗಳು ಒಂದೆಡೆ ಸೇರಿದರೂ 5.85 ಚದರ ಇಂಚು ಮಾತ್ರ, 7.2ರ ಒಳಗಿದೆ. ಬಾಗುವ ಜಾಗವೂ 6 ಇಂಚಿಗೆ ಸರಿಯಾಗಿ ಹೊಂದುತ್ತದೆ. ಆದರೂ ನಾನು 8×8 ಅನ್ನೇ ಕೊಡುತ್ತೇನೆ. ಯಾವ ಗುಂಪು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಆ ಜೋಡಣೆ ನಕ್ಷೆಯನ್ನು ಬರೆದವರಿಗೆ ಗೊತ್ತಿರುತ್ತದೆ. ನಾಳೆ ನಾಲ್ಕನೆಯ ಸ್ವಿಚ್ ಸೇರಿಸಲು ಬರುವವರಿಗೆ ಗೊತ್ತಿರುವುದಿಲ್ಲ. ಜೊತೆಗೆ, ಮುಂದೆ ವೈರ್‌ವೇಯೊಳಗೆ ಟ್ಯಾಪ್ (ಕವಲು ತಂತಿ) ಅಥವಾ ಜೋಡಣೆ ಬಂದರೆ ಆ ಜಾಗದಲ್ಲಿ ತಂತಿ, ಜೋಡಣೆಗಳೆಲ್ಲ ಸೇರಿ ಶೇಕಡ 75ನ್ನು ಮೀರಬಾರದು. ದಪ್ಪ ತಂತಿಯ ಟ್ಯಾಪ್ ಕನೆಕ್ಟರ್‌ಗಳು ಎಷ್ಟು ಜಾಗ ತಿನ್ನುತ್ತವೆಂಬುದನ್ನು ಅವುಗಳಿಗೆ ಹೊದಿಕೆ ಹಾಕಿದ ಮೇಲೆ ನೋಡಬೇಕು.

ನಕ್ಷೆಗಾರ

ಕೊಠಡಿಯಲ್ಲಿ ತೇವ ಇರುವುದರಿಂದ ಉಕ್ಕಿನ ಬದಲು ಪ್ಲಾಸ್ಟಿಕ್ ವೈರ್‌ವೇ ಬಳಸಬಹುದೇ ಎಂದು ಕೇಳಿದ್ದಾರೆ. ಅಳತೆ ಬದಲಾಗುವುದೇ?

ಹಳೆಯ ವೈರ್‌ಮನ್

ಭರ್ತಿಯ ಮಿತಿ ಅಲ್ಲಿಯೂ ಶೇಕಡ 20. ಬದಲಾಗುವುದು ತಂತಿಗಳು ಹೊರಬಹುದಾದ ವಿದ್ಯುತ್ತಿನ ಲೆಕ್ಕ. ಲೋಹದ ವೈರ್‌ವೇಯಲ್ಲಿ ವಿದ್ಯುತ್ ಹರಿಯುವ ತಂತಿಗಳು ಒಂದು ಅಡ್ಡಕೊಯ್ತದಲ್ಲಿ 30ನ್ನು ಮೀರದಿದ್ದರೆ ಕಡಿತ ಮಾಡಬೇಕಾಗಿಲ್ಲ. ಪ್ಲಾಸ್ಟಿಕ್‌ನದರಲ್ಲಿ ಈ ವಿನಾಯಿತಿ ಇಲ್ಲ. ನ್ಯೂಟ್ರಲ್‌ಗಳನ್ನು ಎಣಿಸಬೇಕಾಗಿಲ್ಲದ ಸಂದರ್ಭ ಎಂದಿಟ್ಟುಕೊಂಡರೂ ಮೂರು ಗುಂಪುಗಳಿಂದ ಒಂಬತ್ತು ತಂತಿಗಳಾಗುತ್ತವೆ. ಏಳರಿಂದ ಒಂಬತ್ತು ತಂತಿಗಳಿದ್ದರೆ ಶೇಕಡ 70 ಮಾತ್ರ ಉಳಿಯುತ್ತದೆ. 500 ಕೆಸಿಮಿಲ್ ತಾಮ್ರದ 90 ಡಿಗ್ರಿ ಅಂಕಣದ 430 ಆಂಪಿಯರ್ 301ಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಮುಂತಾದ ಅರೇಖೀಯ ಹೊರೆಗಳಿಂದಾಗಿ ನ್ಯೂಟ್ರಲ್‌ಗಳನ್ನೂ ಎಣಿಸಬೇಕಾಗಿ ಬಂದರೆ ಹನ್ನೆರಡಾಗಿ, ಶೇಕಡ 50ರಂತೆ 215 ಆಂಪಿಯರ್ ಉಳಿಯುತ್ತದೆ. ಉಕ್ಕಿನದರಲ್ಲಿ, ನ್ಯೂಟ್ರಲ್ ಎಣಿಸಬೇಕಾಗಿಲ್ಲದಿದ್ದರೆ, 75 ಡಿಗ್ರಿ ಟರ್ಮಿನಲ್‌ಗಳ ಮಿತಿಯಾದ 380 ಆಂಪಿಯರ್ ಹಾಗೆಯೇ ಸಿಗುತ್ತಿತ್ತು. ತೇವಕ್ಕೆ ತಕ್ಕ ಲೇಪನವಿರುವ, ಅಂಥ ಜಾಗಕ್ಕೆಂದೇ ಪಟ್ಟಿ ಮಾಡಲಾದ ಲೋಹದ ವೈರ್‌ವೇಯನ್ನೇ ಹುಡುಕಿ ಎಂದು ನನ್ನ ಅಭಿಪ್ರಾಯ.

ಪರಿಶೀಲಕ

ನಾನೂ ಅದನ್ನೇ ಹೇಳುತ್ತಿದ್ದೆ. ನಕ್ಷೆಯ ಟಿಪ್ಪಣಿಯಲ್ಲಿ ಇನ್ನೆರಡು ವಿಷಯಗಳನ್ನು ಸೇರಿಸಿ. 4 ಎಡಬ್ಲ್ಯೂಜಿ ಮತ್ತು ದೊಡ್ಡ ತಂತಿಗಳು ಪ್ರವೇಶಿಸುವ ಪ್ರತಿ ಕಾಂಡ್ಯೂಟ್‌ನ ಬಾಯಿಗೆ, 300.4(ಜಿ) ಕೇಳುವಂತೆ, ನುಣುಪಾದ ಇನ್ಸುಲೇಟೆಡ್ ಬುಶಿಂಗ್ ಅಥವಾ ತತ್ಸಮಾನ ರಕ್ಷಣೆ ಬೇಕು, ಮತ್ತು ಅದನ್ನು ತಂತಿ ಎಳೆಯುವ ಮೊದಲೇ ಹಾಕಬೇಕು. ಎಳೆದ ಮೇಲೆ ಸೀಳಿ ತೊಡಿಸಿದ ಬುಶಿಂಗ್‌ಗಳನ್ನು ನಾನು ನೋಡಿದ್ದೇನೆ. ಎಳೆಯುವಾಗ ಆಗುವ ಗಾಯಕ್ಕೆ ಅವು ಏನೂ ಮಾಡಲಾರವು. ಇನ್ನೊಂದು, 24×24 ಬಾಕ್ಸ್‌ನ ಮುಚ್ಚಳದ ಮುಂದೆ ಪೈಪು, ಗಾಳಿಯ ಡಕ್ಟ್ ಅಥವಾ ಶಾಶ್ವತ ಗೋಡೆ ಬರದಂತೆ ಇತರ ವಿಭಾಗಗಳ ನಕ್ಷೆಗಳೊಂದಿಗೆ ಹೋಲಿಸಿ ನೋಡಿ. ಕಟ್ಟಡದ ಯಾವುದೇ ಭಾಗವನ್ನು ಒಡೆಯದೆ ಆ ಮುಚ್ಚಳವನ್ನು ತೆಗೆಯಲು ಸಾಧ್ಯವಾಗಬೇಕು.

ನಕ್ಷೆಗಾರ

ಹೋಲಿಸಿ ನೋಡಿದೆ ಸರ್. ಬಾಕ್ಸ್‌ನ ಮುಂದೆ 14 ಇಂಚು ಬಿಟ್ಟು ತಣ್ಣೀರಿನ ಪೈಪೊಂದು ಹಾದುಹೋಗುತ್ತದೆ.

ಸೈಟ್ ಮೇಲ್ವಿಚಾರಕ

ಮುಚ್ಚಳವನ್ನು ತೆಗೆಯಬಹುದು, ಆದರೆ 500 ಕೆಸಿಮಿಲ್‌ನ ಕುಣಿಕೆ ಹೊರಗೆ ಬಾಗಲು 14 ಇಂಚು ಸಾಲುವುದಿಲ್ಲ. ಪೈಪನ್ನು ಸರಿಸುವುದು ಅವರ ಕೈಯಲ್ಲಿದೆಯೇ ಎಂದು ಇವತ್ತೇ ಕೇಳಿ. ಆಗದಿದ್ದರೆ ಕಾಂಡ್ಯೂಟ್‌ಗಳನ್ನು ಹಾಕುವ ಮೊದಲೇ ಬಾಕ್ಸ್‌ನ ಜಾಗ ಬದಲಾಗಲಿ.